ಹೊರಡುವ ಮುನ್ನ ಮಾತು ಪಕ್ಕಾ ಆಗಲಿ

ಯಾದಗಿರಿ ಜಿಲ್ಲೆಗೆ ಊರು ಬಿಟ್ಟು ದುಡಿಯುವುದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ದಸರೆ, ದೀಪಾವಳಿ ಕಳೆಯುತ್ತಿದ್ದಂತೆ ಶಹಾಪುರ, ಸುರಪುರ ಸೀಮೆಯ ಹಳ್ಳಿ ಮತ್ತು ತಾಂಡಾಗಳಲ್ಲಿ ಗಂಟುಮೂಟೆ ಕಟ್ಟುವುದು ಶುರುವಾಗುತ್ತದೆ. ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಕೆಲವರು ಪುಣೆ, ಮುಂಬೈ, ಗೋವಾ ಕಡೆಗೆ. ಮೇಸ್ತ್ರಿ ಮೊದಲೇ ಮುಂಗಡ ಕೊಟ್ಟಿರುತ್ತಾನೆ. ಅದು ಹಳೆಯ ಸಾಲಕ್ಕೋ ಮದುವೆಯ ಖರ್ಚಿಗೋ ಹೋಗಿಬಿಟ್ಟಿರುತ್ತದೆ. ಶಾಲೆ ಕಲಿಯುವ ಮಕ್ಕಳು ಮುತ್ಯಾ, ಆಯಿಯ ಹತ್ತಿರ ಉಳಿಯುತ್ತಾರೆ, ಇಲ್ಲವೇ ಶಾಲೆ ಬಿಟ್ಟು ಜೊತೆಗೇ ಹೊರಡುತ್ತಾರೆ. ದಿನದ ಪಗಾರ ಎಷ್ಟು, ಎಷ್ಟು ತಾಸು ದುಡಿಯಬೇಕು, ಕಟ್ಟಡದ ಮೇಲಿಂದ ಬಿದ್ದು ಕಾಲು ಮುರಿದರೆ ದವಾಖಾನೆ ಖರ್ಚು ಯಾರದು, ಇವು ಯಾವುವೂ ಕಾಗದದ ಮೇಲೆ ಇರುವುದಿಲ್ಲ.

ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿ 1979ರಲ್ಲಿ ಬಂದ ಕಾಯ್ದೆ, ಗುತ್ತಿಗೆದಾರ ಪ್ರತಿ ಕಾರ್ಮಿಕನಿಗೂ ಭಾವಚಿತ್ರವಿರುವ ಪಾಸ್‌ಬುಕ್ ಕೊಡಬೇಕು, ಅದರಲ್ಲಿ ಕೆಲಸದ ಅವಧಿ, ಕೂಲಿಯ ದರ, ಮಾಡಿದ ಕಡಿತ ಬರೆದಿರಬೇಕು ಎಂದಿತ್ತು. ಆದರೆ ಯಾದಗಿರಿಯಿಂದ ಬೆಂಗಳೂರಿಗೆ ಹೋದವನು ರಾಜ್ಯದ ಗಡಿ ದಾಟಲಿಲ್ಲ. ಹಾಗಾಗಿ ಐನೂರು ಕಿಲೋಮೀಟರ್ ದೂರ ಹೋಗಿ ದುಡಿದರೂ ಆ ಪಾಸ್‌ಬುಕ್ಕಿಗೆ ಅವನು ಹಕ್ಕುದಾರನಾಗಲಿಲ್ಲ.

ಇದೇ ಜಿಲ್ಲೆಯಿಂದ ಈಗ ಇನ್ನೊಂದು ಬಗೆಯ ಪಯಣವೂ ಶುರುವಾಗಿದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರು, ಹೈದರಾಬಾದಿನ ಕಂಪನಿಗಳಲ್ಲಿದ್ದ ನಮ್ಮ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಹೊತ್ತು ಊರಿಗೆ ಬಂದರು. ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೆಲಸ ಮಾಡಿದರು. ಕಂಪನಿ ನಡೆಯಿತು, ಪಗಾರವೂ ಬಂತು. ಆಮೇಲೆ ಹುಟ್ಟಿದ ಪ್ರಶ್ನೆ ಸಹಜವಾದದ್ದೇ. ಸುರಪುರದಿಂದ ಮಾಡಬಹುದಾದ ಕೆಲಸವನ್ನು ಒಂದು ವರ್ಷ ಬ್ಯಾಂಕಾಕಿನಿಂದಲೋ ಲಿಸ್ಬನ್‌ನಿಂದಲೋ ಯಾಕೆ ಮಾಡಬಾರದು? ದೇಶ ನೋಡಿದಂತೆಯೂ ಆಯಿತು, ನೌಕ್ರಿಯೂ ಉಳಿಯಿತು.

ಈ ಆಸೆಯನ್ನು ಶ್ರೀಮಂತರ ಮಕ್ಕಳ ಖಯಾಲಿ ಎಂದು ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. 2011ರ ಜನಗಣತಿಯಲ್ಲಿ ಇಲ್ಲಿನ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡೆಯ ಸ್ಥಾನ. ಇಂಥ ಜಿಲ್ಲೆಯಲ್ಲಿ ಮನೆಗೆ ಮೊದಲ ಪದವೀಧರರಾದವರು ಜಗತ್ತು ನೋಡಬೇಕು ಎಂದರೆ ಅದಕ್ಕೆ ಬೆನ್ನು ತಟ್ಟಬೇಕು. ಆದರೆ ಅವರಿಗೆ ಕೇಳಿ ತಿಳಿದುಕೊಳ್ಳಲು ಮನೆಯಲ್ಲಿ ಯಾರೂ ಇರುವುದಿಲ್ಲ. ಕಂಪನಿಯ ಜೊತೆ ಷರತ್ತು ಮಾತಾಡುತ್ತೇನೆ ಎಂದರೆ, “ನೌಕ್ರಿ ಸಿಕ್ಕಿದ್ದೇ ದೊಡ್ಡದು, ಮ್ಯಾಲ ಷರತ್ತ ಬ್ಯಾರೆ ಹಾಕ್ತಿಯೇನು?” ಎಂದು ಅಪ್ಪ ಗಾಬರಿಯಾಗುತ್ತಾನೆ. ಗುಳೆ ಹೋದವರ ಮನೆಯ ಭಯ ಇದು. ಕೇಳಿದರೆ ಕೆಲಸ ಹೋದೀತು ಎಂಬ ಅಂಜಿಕೆ ಎಂಜಿನಿಯರ್ ಆದ ಮಗಳ ತನಕ ಹರಿದು ಬಂದಿದೆ.

ದೂರದಿಂದ ಕೆಲಸ ಮಾಡುವುದು ಈ ನೆಲಕ್ಕೆ ಹೊಸದೂ ಅಲ್ಲ. ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ಅದಕ್ಕೆ ಸಾಕ್ಷಿ. ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿ, ಹದಿನೈದರ ಪ್ರಾಯದಲ್ಲಿ ಮುಂಬಯಿಗೆ ಬಂದಿಳಿದವನು. ಆಮೇಲೆ ಹೈದರಾಬಾದ್ ನಿಜಾಮನ ಸೇನೆ ಸೇರಿದ. 1840ರ ದಶಕದ ಆರಂಭದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದು, ಎಳೆಯ ರಾಜ ವೆಂಕಟಪ್ಪ ನಾಯಕ ಪ್ರಾಯಕ್ಕೆ ಬರುವ 1853ರ ತನಕ ಇಲ್ಲೇ ಇದ್ದ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. 1840ರಿಂದ 1853ರ ತನಕ ಅವನು ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಗೆ ಭಾರತದ ವರದಿಗಾರನೂ ಆಗಿದ್ದ. ಸುರಪುರದ ಗುಡ್ಡದ ಮೇಲೆ ಕೂತು ಬರೆದದ್ದು ಟಪಾಲಿನವರ ಕೈಯಲ್ಲಿ ಕರಾವಳಿ ತಲುಪಿ, ಅಲ್ಲಿಂದ ಹಡಗೇರಿ ಲಂಡನ್ ಸೇರಬೇಕು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಆಗ ಅದೂ ಇರಲಿಲ್ಲ. ಸಂಪಾದಕ ಎದುರಿಗಿಲ್ಲ, ಕಚೇರಿಯಿಲ್ಲ, ಹಾಜರಿಯಿಲ್ಲ. ಬರಹ ಹೊತ್ತಿಗೆ ಸರಿಯಾಗಿ ಹಡಗು ಹತ್ತಿದರೆ ಮುಗಿಯಿತು.

ಟೇಲರನ ಬದುಕಿನಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅವನು ಸುರಪುರಕ್ಕೆ ಬರುವ ಮುಂಚಿನ ದೀರ್ಘ ರಜೆ. ನೌಕರಿ ಬಿಡದೆ, ರಜೆ ಮಂಜೂರು ಮಾಡಿಸಿಕೊಂಡು ಇಂಗ್ಲೆಂಡಿಗೆ ಹೋದ. ಹೈದರಾಬಾದಿನಲ್ಲಿದ್ದಾಗಲೇ ಬರೆಯತೊಡಗಿದ್ದ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿಯನ್ನು ಅಲ್ಲಿ 1839ರಲ್ಲಿ ಪ್ರಕಟಿಸಿದ, ಮರುವರ್ಷ ಟಿಪ್ಪೂ ಸುಲ್ತಾನನ ಕುರಿತ ಕಾದಂಬರಿ ಬಂತು, ಪತ್ರಿಕೆಯ ಕೆಲಸವೂ ಕುದುರಿತು. ತಿರುಗಿ ಬಂದಾಗ ನೌಕರಿ ಅವನಿಗಾಗಿ ಇತ್ತು. ಆಳುವ ಜನಾಂಗದವನಾದ್ದರಿಂದ ಅವನಿಗೆ ಅದೆಲ್ಲ ಸಲೀಸಾಯಿತು, ನಿಜ. ಆದರೂ ಹೋಗುವ ಮೊದಲೇ ಅವಧಿ, ಹಿಂದಿರುಗುವ ಸ್ಥಾನ ಎರಡನ್ನೂ ಭದ್ರ ಮಾಡಿಕೊಂಡವನಿಗೆ ಪರದೇಶದಲ್ಲಿ ಕಳೆದ ಕಾಲ ನಷ್ಟವಾಗಲಿಲ್ಲ.

ಈಗ ಶಹಾಪುರದ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ನಾಲ್ಕು ವರ್ಷದ ಅನುಭವ. ಒಂದು ವರ್ಷ ಹೊರದೇಶದಲ್ಲಿದ್ದು ಅಲ್ಲಿಂದಲೇ ಕೆಲಸ ಮಾಡಬೇಕೆಂಬ ಆಸೆ. ಅವಳು ನೇರವಾಗಿ ಮ್ಯಾನೇಜರ್ ಬಳಿ ಹೋಗಿ ಥಾಯ್ಲೆಂಡಿಗೆ ಹೋಗಲೇ ಎಂದು ಕೇಳಿದರೆ ಆಗುವುದಿಲ್ಲ ಎಂಬ ಉತ್ತರವೇ ಸಿಗುತ್ತದೆ. ಮೊದಲು ಶಹಾಪುರದಿಂದ ಕೆಲಸ ಮಾಡಲು ಅನುಮತಿ ಕೇಳಲಿ. ಒಂದೆರಡು ತಿಂಗಳ ಮಟ್ಟಿಗೆ, ಪ್ರಯೋಗವೆಂದೇ ಹೇಳಿ. ಏಪ್ರಿಲ್, ಮೇ ಬಿಸಿಲಿನಲ್ಲಿ, ಜೆಸ್ಕಾಂ ಕರೆಂಟು ಹೋಗಿ ಬರುವ ಮಧ್ಯೆ, ಇನ್ವರ್ಟರ್ ಮತ್ತು ಎರಡು ಬೇರೆ ಬೇರೆ ಕಂಪನಿಗಳ ಇಂಟರ್ನೆಟ್ ಇಟ್ಟುಕೊಂಡು ಒಂದೂ ಮೀಟಿಂಗ್ ತಪ್ಪಿಸದೆ ಕೆಲಸ ಮುಗಿಸಿ ತೋರಿಸಿದವಳ ಮಾತಿಗೆ ತೂಕ ಬರುತ್ತದೆ. ಆ ಅವಧಿಯಲ್ಲಿ ಯಾವ ಕೆಲಸ ಯಾವ ದಿನ ಮುಗಿಯಿತು ಎಂಬುದನ್ನು ವಾರವಾರ ಬರೆದಿಡಬೇಕು. ಮುಂದೆ ಮಾತುಕತೆಗೆ ಕೂತಾಗ ಅದೇ ದಾಖಲೆ. ನಮ್ಮ ತಾಲ್ಲೂಕು ಊರುಗಳು ದೂರದ ಕೆಲಸಕ್ಕೆ ಅಡ್ಡಿ ಎಂದುಕೊಂಡವರು ಬಹಳ. ಅಲ್ಲಿ ನಿಭಾಯಿಸಿದ್ದೇ ಈ ಹುಡುಗಿಯ ಅರ್ಹತಾಪತ್ರ.

ಮ್ಯಾನೇಜರನ ನಿಜವಾದ ಚಿಂತೆ ಏನೆಂದು ತಿಳಿದಿರಬೇಕು. ಅವಳು ಬೀಚಿನಲ್ಲಿ ಕಾಲ ಕಳೆದಾಳು ಎಂಬುದು ಅವನ ದೊಡ್ಡ ಭಯವಲ್ಲ. ನೌಕರರೊಬ್ಬರು ಬಹಳ ಕಾಲ ಒಂದು ದೇಶದಲ್ಲಿ ಕೂತು ಕೆಲಸ ಮಾಡಿದರೆ, ನಿಮ್ಮ ಕಂಪನಿಗೆ ಇಲ್ಲೊಂದು ನೆಲೆಯಿದೆ, ಇಲ್ಲೂ ತೆರಿಗೆ ಕಟ್ಟಿ ಎಂದು ಆ ದೇಶ ಕೇಳಬಹುದು. ಗ್ರಾಹಕರ ಮಾಹಿತಿ ಭಾರತದ ಹೊರಗೆ ತೆರೆಯಬಾರದು ಎಂಬ ಒಪ್ಪಂದ ಇರಬಹುದು. ವಿಶೇಷ ಆರ್ಥಿಕ ವಲಯದ ಕಂಪನಿಯಾದರೆ ಅದರದೇ ಕಟ್ಟಳೆ. ಅಂಥ ಕಡೆ ಮನೆಯಿಂದ ಕೆಲಸಕ್ಕೆ ಪ್ರತ್ಯೇಕ ನಿಯಮ ಬಂದದ್ದೇ 2022ರ ಜುಲೈಯಲ್ಲಿ. ಈ ಮೂರು ಪ್ರಶ್ನೆಗೆ ಉತ್ತರವನ್ನು ತಾನೇ ಹುಡುಕಿ ಒಯ್ದರೆ ಮಾತುಕತೆಯ ದಾರಿ ಬದಲಾಗುತ್ತದೆ. ಕಂಪನಿಗೆ ಆ ದೇಶದಲ್ಲಿ ಈಗಾಗಲೇ ಶಾಖೆಯಿದ್ದರೆ ಅರ್ಧ ಕೆಲಸ ಆದಂತೆ. ಅಲ್ಲಿಗೇ ಕೆಲ ಕಾಲ ನಿಯೋಜನೆ ಕೇಳುವುದು ಎಲ್ಲಕ್ಕಿಂತ ಸುಲಭದ ಹಾದಿ. ಯಾವುದೂ ಆಗದಿದ್ದರೆ ಪಗಾರವಿಲ್ಲದ ರಜೆ ಕೇಳಬಹುದು. ಹೇಳದೆ ಕೇಳದೆ ಹೋಗಿ ವಿಪಿಎನ್ ಹಾಕಿಕೊಂಡು ಬೆಂಗಳೂರಿನಲ್ಲೇ ಇದ್ದೇನೆ ಎಂದು ತೋರಿಸುವ ಉಪಾಯವನ್ನು ಸ್ನೇಹಿತರು ಹೇಳಿಕೊಡುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. ಸಿಕ್ಕಿಬಿದ್ದರೆ ನೌಕ್ರಿ ಹೋಗುವುದಷ್ಟೇ ಅಲ್ಲ, ಮುಂದಿನ ಕಂಪನಿಗೆ ಕೊಡುವ ಅನುಭವ ಪತ್ರವೂ ಕೆಡುತ್ತದೆ.

ಒಪ್ಪಿದ ಮೇಲೆ ಪತ್ರ ಬೇಕು. ಬಾಯಿಮಾತು ಸಾಲದು, ಚಾಟ್‌ನಲ್ಲಿ ಬಂದ ಒಂದು ‘ಓಕೆ’ಯೂ ಸಾಲದು. ಯಾವ ದೇಶ, ಯಾವ ತಾರೀಖಿನಿಂದ ಯಾವ ತಾರೀಖಿನ ತನಕ, ದಿನದಲ್ಲಿ ಯಾವ ಹೊತ್ತು ತಂಡದ ಜೊತೆ ಲಭ್ಯ, ಪಗಾರ ಎಲ್ಲಿ ಜಮೆಯಾಗುತ್ತದೆ, ಲ್ಯಾಪ್‌ಟಾಪ್ ಕಳುವಾದರೆ ಹೊಣೆ ಯಾರದು, ತುರ್ತಾಗಿ ವಾಪಸ್ ಕರೆದರೆ ವಿಮಾನದ ಖರ್ಚು ಯಾರದು, ಮುಗಿದ ಮೇಲೆ ಅದೇ ಹುದ್ದೆ ಉಂಟೋ ಇಲ್ಲವೋ, ಇಷ್ಟೂ ಅದರಲ್ಲಿರಲಿ. ಮ್ಯಾನೇಜರ್ ಬದಲಾಗುವುದು ಈ ಉದ್ಯಮದಲ್ಲಿ ದಿನನಿತ್ಯದ ಮಾತು. ಹೊಸಬನಿಗೆ ಹಳಬನ ಬಾಯಿಮಾತು ಕಟ್ಟಿಹಾಕುವುದಿಲ್ಲ. ಆದ್ದರಿಂದ ಎಚ್‌ಆರ್ ವಿಭಾಗದ ಸಹಿಯೂ ಇರಬೇಕು. ಹೊತ್ತಿನ ಲೆಕ್ಕವನ್ನು ಮುಂಚೆಯೇ ಮಾಡಿಕೊಳ್ಳಿ. ಬೆಂಗಳೂರಿನಲ್ಲಿ ಬೆಳಗಿನ ಹತ್ತು ಗಂಟೆಯಾದಾಗ ದುಬೈನಲ್ಲಿ ಎಂಟೂವರೆ, ಬ್ಯಾಂಕಾಕಿನಲ್ಲಿ ಹನ್ನೊಂದೂವರೆ. ಲಿಸ್ಬನ್‌ನಲ್ಲಿ ಚಳಿಗಾಲವಾದರೆ ನಸುಕಿನ ನಾಲ್ಕೂವರೆ. ಯುರೋಪಿನ ಆಸೆಯಿದ್ದವರು ನಸುಕಿನ ಮೀಟಿಂಗಿಗೆ ದೇಹ ಒಗ್ಗುತ್ತದೆಯೇ ಎಂದು ಊರಿನಲ್ಲೇ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ವೀಸಾ ವಿಷಯದಲ್ಲಿ ಭ್ರಮೆಗಳು ಬಹಳ. ಪ್ರವಾಸಿ ವೀಸಾದಲ್ಲಿ ಹೋಗಿ ಕೋಣೆಯಲ್ಲಿ ಕೂತು ಲ್ಯಾಪ್‌ಟಾಪ್ ಬಡಿದರೆ ಯಾರಿಗೆ ಗೊತ್ತಾಗುತ್ತದೆ ಎನ್ನುವವರಿದ್ದಾರೆ. ಬಹಳಷ್ಟು ದೇಶಗಳ ಪ್ರವಾಸಿ ವೀಸಾ ಕೆಲಸಕ್ಕೆ ಅವಕಾಶ ಕೊಡುವುದಿಲ್ಲ. ಯುರೋಪಿನ ಷೆಂಗೆನ್ ವಲಯದಲ್ಲಂತೂ ಪ್ರವಾಸಿಗೆ 180 ದಿನಗಳಲ್ಲಿ 90 ದಿನ ಮಾತ್ರ. ದೂರದಿಂದ ದುಡಿಯುವವರಿಗೆಂದೇ ಪ್ರತ್ಯೇಕ ವೀಸಾ ಕೊಡುವುದನ್ನು ಎಸ್ಟೋನಿಯಾ 2020ರಲ್ಲಿ ಶುರುಮಾಡಿತು. 2022ರಲ್ಲಿ ಪೋರ್ಚುಗಲ್ ಮತ್ತು ಮಲೇಷ್ಯಾ, 2023ರಲ್ಲಿ ಸ್ಪೇನ್, 2024ರಲ್ಲಿ ಥಾಯ್ಲೆಂಡ್ ಅದೇ ಹಾದಿ ಹಿಡಿದವು. ಇವು ಕೇಳುವ ಆದಾಯವನ್ನು ನೋಡಬೇಕು. ಮಲೇಷ್ಯಾ ತಂತ್ರಜ್ಞಾನದ ಕೆಲಸದವರಿಗೆ ವರ್ಷಕ್ಕೆ 24 ಸಾವಿರ ಡಾಲರ್ ಆದಾಯ ಕೇಳುತ್ತದೆ, 20 ಲಕ್ಷ ರೂಪಾಯಿಗೂ ಹೆಚ್ಚು. ಇಂಥದೇ ವೀಸಾ ಕೊಡುವ ಯುಎಇ ತಿಂಗಳಿಗೆ 3,500 ಡಾಲರ್ ಎನ್ನುತ್ತದೆ. ಪೋರ್ಚುಗಲ್ ತನ್ನ ಕನಿಷ್ಠ ವೇತನದ ನಾಲ್ಕು ಪಟ್ಟು ಕೇಳುತ್ತದೆ. ಥಾಯ್ಲೆಂಡಿನದು ಐದು ವರ್ಷದ ವೀಸಾ, ಒಮ್ಮೆ ಹೋದರೆ 180 ದಿನ ಇರಬಹುದು. ಖಾತೆಯಲ್ಲಿ 5 ಲಕ್ಷ ಬಾತ್ ಉಳಿತಾಯ ತೋರಿಸಬೇಕು. ಈ ಮೊತ್ತಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ದಿನ ಆಯಾ ರಾಯಭಾರ ಕಚೇರಿಯ ಜಾಲತಾಣವನ್ನೇ ನೋಡಬೇಕು. ಕಾಲೇಜು ಮುಗಿಸಿ ಎರಡು ವರ್ಷವಾದವರಿಗೆ ಈ ಬಾಗಿಲುಗಳು ತೆರೆಯುವುದು ಕಷ್ಟ. ಅದನ್ನು ಈಗಲೇ ತಿಳಿದುಕೊಂಡು, ಅನುಭವ ಮತ್ತು ಉಳಿತಾಯ ಎರಡನ್ನೂ ಕೂಡಿಸಿಕೊಂಡು ಹೋಗುವುದೇ ಸರಿ.

ತೆರಿಗೆಯ ಬಗ್ಗೆ ಇಷ್ಟು ಹೇಳಬೇಕು. ವಿದೇಶದಲ್ಲಿ ನೌಕರಿಗೆಂದು ಹೊರಡುವ ಭಾರತೀಯ ಪ್ರಜೆ ಆ ಹಣಕಾಸು ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಇಲ್ಲಿದ್ದರೆ ಅನಿವಾಸಿ ಎನಿಸಿಕೊಳ್ಳುತ್ತಾನೆ. ಏಪ್ರಿಲ್‌ನಿಂದ ಲೆಕ್ಕ ಹಾಕಿದರೆ ಸೆಪ್ಟೆಂಬರ್ ಮೂರನೇ ವಾರದೊಳಗೆ ಹೊರಟವರಿಗೂ ಅಕ್ಟೋಬರ್‌ನಲ್ಲಿ ಹೊರಟವರಿಗೂ ವ್ಯತ್ಯಾಸವಾಗುವುದು ಇದರಿಂದ. ಆದರೆ ಬೆಂಗಳೂರಿನ ಕಂಪನಿಯ ಕೆಲಸವನ್ನೇ ಅಲ್ಲಿಂದ ಮಾಡುವವರನ್ನು ‘ವಿದೇಶದ ನೌಕರಿ’ಗೆ ಹೋದವರೆಂದು ಪರಿಗಣಿಸುತ್ತಾರೆಯೇ ಎಂಬುದು ತಕರಾರಿನ ಸಂಗತಿ. ಪಗಾರ ಭಾರತದ ಖಾತೆಗೇ ಬಂದರೆ ಅನಿವಾಸಿಯಾದರೂ ಇಲ್ಲಿ ತೆರಿಗೆ ಬೀಳಬಹುದು. ಇದರ ಮೇಲೆ ಅಲ್ಲಿನ ತೆರಿಗೆ ಬೇರೆ. ಎರಡು ಕಡೆ ಕಟ್ಟದಂತೆ ಭಾರತ ಅನೇಕ ದೇಶಗಳ ಜೊತೆ ಒಪ್ಪಂದ ಮಾಡಿಕೊಂಡಿದೆ. ಹೊರಡುವ ಮುನ್ನ ಕಲಬುರಗಿಯ ಒಬ್ಬ ಒಳ್ಳೆಯ ಚಾರ್ಟರ್ಡ್ ಅಕೌಂಟೆಂಟ್ ಬಳಿ ಒಂದು ತಾಸು ಕೂರುವ ಖರ್ಚು ಖಂಡಿತ ದಂಡವಲ್ಲ.

ಇದೆಲ್ಲಕ್ಕಿಂತ ದೊಡ್ಡ ತಯಾರಿ ಮನೆಯದು. ಬೆಂಗಳೂರಿನಲ್ಲಿ ಕೂತು ಬರೆದ ಸಲಹೆಗಳಲ್ಲಿ ಇದು ಕಾಣುವುದೇ ಇಲ್ಲ. ನಮ್ಮ ಮನೆಗಳಲ್ಲಿ ಓದಿದ ಮಗನೋ ಮಗಳೋ ಹಲವು ಕೆಲಸಗಳಿಗೆ ಒಬ್ಬರೇ ಆಧಾರ. ಅಪ್ಪನ ಬ್ಯಾಂಕ್ ಖಾತೆಗೆ ಜೋಡಿಸಿರುವುದು ಮಗನ ಮೊಬೈಲ್ ನಂಬರ್. ಪಿಎಂ ಕಿಸಾನ್ ಇಕೆವೈಸಿಗೆ ಬರುವ ಒಟಿಪಿ ಅದೇ ನಂಬರಿಗೆ. ಬೆಳೆವಿಮೆ ಕಟ್ಟುವುದು, ಪಹಣಿ ತೆಗೆಯುವುದು, ಬೆಳೆ ಸಮೀಕ್ಷೆ ಸರಿಯಾಗಿದೆಯೇ ನೋಡುವುದು ಅವನ ಕೆಲಸ. ಅವನು ಪರದೇಶದಲ್ಲಿ ಮಲಗಿದ್ದಾಗ ಸೊಸೈಟಿಯ ಮುಂದೆ ನಿಂತ ಅಪ್ಪನಿಗೆ ಒಟಿಪಿ ಹೇಳುವವರು ಯಾರು? ಹೊರಡುವ ಕೆಲವು ತಿಂಗಳ ಮೊದಲೇ ಅಪ್ಪ, ಅವ್ವನ ಹೆಸರಿನಲ್ಲೇ ಒಂದು ಸಿಮ್ ತೆಗೆಸಿ, ಆಧಾರ್ ಮತ್ತು ಬ್ಯಾಂಕ್‌ಗಳಿಗೆ ಆ ನಂಬರನ್ನು ಜೋಡಿಸಬೇಕು. ಊರಿನಲ್ಲಿ ನಂಬಿಕಸ್ಥ ಕಾಕಾನೋ ತಮ್ಮನೋ ಅದನ್ನು ನೋಡಿಕೊಳ್ಳುವಂತೆ ಹೇಳಿ, ಒಮ್ಮೆ ಎಲ್ಲರೂ ಕೂತು ಮಾಡಿ ನೋಡಬೇಕು. ತನ್ನ ಭಾರತದ ಸಿಮ್ ಅನ್ನು ರೋಮಿಂಗ್‌ನಲ್ಲಿ ಜೀವಂತ ಇಟ್ಟುಕೊಳ್ಳುವುದು ಅಷ್ಟೇ ಅಗತ್ಯ. ಅದು ಬಂದಾದರೆ ಬ್ಯಾಂಕ್ ಒಟಿಪಿ ನಿಂತು ಪರದೇಶದಲ್ಲಿ ಕೈ ಕಟ್ಟಿದಂತಾಗುತ್ತದೆ.

ಹೊಲ ಲಾವಣಿಗೆ ಹಾಕಿದ್ದರೆ ಆ ಮಾತೂ ಕಾಗದಕ್ಕೆ ಬರಲಿ. ಕೃಷ್ಣಾ ಮೇಲ್ದಂಡೆ ಯೋಜನೆಯ ನೀರು ಬಂದ ಮೇಲೆ ಶಹಾಪುರ, ಸುರಪುರದ ಭತ್ತದ ಗದ್ದೆಗಳಿಗೆ ಬೆಲೆ ಏರಿದೆ, ತಕರಾರುಗಳೂ ಏರಿವೆ. ಆಸ್ತಿಯ ವಿಷಯಕ್ಕೆ ಮುಖ್ತಿಯಾರು ಪತ್ರ ಕೊಡುವುದಿದ್ದರೆ ಯಾವ ಕೆಲಸಕ್ಕೆ ಎಂದು ಸ್ಪಷ್ಟವಾಗಿ ಬರೆಸಿ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿಯೇ ಕೊಡಬೇಕು. ಎಲ್ಲ ಅಧಿಕಾರವೂ ಇರುವ ಮುಖ್ತಿಯಾರು ಪತ್ರವನ್ನು ಅಣ್ಣನಿಗೂ ಕೊಡಬೇಡಿ. ಬಾಂಧವ್ಯ ಉಳಿಯಬೇಕು ಎಂಬ ಕಾರಣಕ್ಕೇ ಹೇಳುತ್ತಿದ್ದೇನೆ.

ಅವ್ವನಿಗೆ ಸಕ್ಕರೆ ಕಾಯಿಲೆ, ಅಪ್ಪನಿಗೆ ಎದೆನೋವು. ರಾತ್ರಿ ಹನ್ನೊಂದಕ್ಕೆ ಕಲಬುರಗಿಗೆ ಯಾರು ಒಯ್ಯುತ್ತಾರೆ, ಗಾಡಿ ಯಾರದು, ದವಾಖಾನೆಯಲ್ಲಿ ಕಟ್ಟುವ ಹಣ ಯಾರ ಖಾತೆಯಲ್ಲಿದೆ ಎಂಬುದು ತೀರ್ಮಾನವಾಗದೆ ವಿಮಾನ ಹತ್ತಬಾರದು. “ಯವ್ವಾ, ನನಗ ಏನೂ ಆಗಲ್ಲ, ನೀ ಹೋಗಿ ಬಾ” ಎಂದು ತಾಯಿ ಮಗಳಿಗೆ ಹೇಳುತ್ತಾಳೆ. ಅದು ಪ್ರೀತಿಯ ಮಾತು. ಆ ಮಾತನ್ನು ನಂಬಿ ಔಷಧಿಯ ಏರ್ಪಾಡು ಬಿಡಬಾರದು. ತನ್ನ ಆರೋಗ್ಯ ವಿಮೆಯನ್ನೂ ನೋಡಿಕೊಳ್ಳಬೇಕು; ಕಂಪನಿಯ ಗುಂಪು ವಿಮೆ ಬಹುತೇಕ ಭಾರತದ ಒಳಗಿನ ಆಸ್ಪತ್ರೆಗಳಿಗಷ್ಟೇ. ಷೆಂಗೆನ್ ವೀಸಾಕ್ಕಂತೂ ಕನಿಷ್ಠ 30 ಸಾವಿರ ಯೂರೊ ವಿಮೆ ಕಡ್ಡಾಯ.

ಲ್ಯಾಪ್‌ಟಾಪ್ ಇಲ್ಲದೆ ಪರದೇಶಕ್ಕೆ ಹೊರಡುವವರ ಮಾತನ್ನೂ ಆಡಬೇಕು. ಡ್ರೈವರ್, ಗೌಂಡಿ, ನರ್ಸ್, ಮನೆಗೆಲಸದವರಾಗಿ ಗಲ್ಫ್ ಸೇರಿದವರು ಕಲ್ಯಾಣ ಕರ್ನಾಟಕದಲ್ಲಿ ಇದ್ದಾರೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ಗೆ ಗಲ್ಫ್ ಸೇರಿ 18 ದೇಶಗಳಿಗೆ ನೌಕರಿಗೆ ಹೋಗುವಾಗ ವಲಸೆ ಅನುಮತಿ ಬೇಕು. ಅದನ್ನು ತಪ್ಪಿಸಲೆಂದು ಏಜೆಂಟರು ವಿಸಿಟ್ ವೀಸಾದಲ್ಲಿ ಕಳಿಸುತ್ತಾರೆ. ಆಗ ಕಾನೂನಿನ ರಕ್ಷಣೆ ಪೂರ್ತಿ ತಪ್ಪಿಹೋಗುತ್ತದೆ. ನೋಂದಾಯಿತ ಏಜೆಂಟ್ ಹೌದೋ ಅಲ್ಲವೋ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅಷ್ಟೇ. ಲಕ್ಷಗಟ್ಟಲೆ ಕೇಳುವವನು ಮೋಸಗಾರ ಎಂದೇ ತಿಳಿಯಬೇಕು. ವಲಸೆ ಅನುಮತಿ ಪಡೆದು ಹೋಗುವವರಿಗೆ ಪ್ರವಾಸಿ ಭಾರತೀಯ ವಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿ ರಕ್ಷಣೆಯಿದೆ. ಎರಡು ವರ್ಷಕ್ಕೆ ಕಂತು 275 ರೂಪಾಯಿ.

ಓದಿದವರಿಗೂ ಬಲೆಯಿದೆ. ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ, ಒಳ್ಳೆ ಪಗಾರ, ವಿಮಾನದ ಟಿಕೆಟ್ ನಮ್ಮದೇ ಎಂಬ ಜಾಹೀರಾತು ನಂಬಿ ಹೋದ ಭಾರತೀಯ ಯುವಕರನ್ನು ಗಡಿ ದಾಟಿಸಿ ಮ್ಯಾನ್ಮಾರಿಗೆ ಒಯ್ದು, ಆನ್‌ಲೈನ್ ವಂಚನೆಯ ಕೆಲಸಕ್ಕೆ ಬಲವಂತವಾಗಿ ಹಚ್ಚಿದ ಪ್ರಕರಣಗಳ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಕೆ ಕೊಟ್ಟಿದೆ. ಸಂದರ್ಶನವಿಲ್ಲದೆ, ಕಂಪನಿಯ ವಿಳಾಸವಿಲ್ಲದೆ ಬಂದ ಕೆಲಸಕ್ಕೆ ಪಾಸ್‌ಪೋರ್ಟ್ ಕೊಡಬೇಡಿ.

ಇಷ್ಟು ಮಾಹಿತಿ ಒಂದು ತಾಲ್ಲೂಕಿನಲ್ಲಿ ಒಂದೇ ಕಡೆ ಸಿಗುವುದಿಲ್ಲ ಎಂಬುದೇ ನನ್ನ ತಕರಾರು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಹಲವು ಕಡೆ ಕಂಪ್ಯೂಟರೂ ಇದೆ. ಯಾದಗಿರಿ, ಶಹಾಪುರ, ಸುರಪುರದ ಅರಿವು ಕೇಂದ್ರಗಳಲ್ಲಿ ತಿಂಗಳಿಗೊಂದು ದಿನ ಹೊರಡುವವರಿಗಾಗಿ ಮೀಸಲಿಡಬೇಕೆಂದು ಜಿಲ್ಲಾ ಪಂಚಾಯಿತಿಯನ್ನು ಕೇಳಿಕೊಳ್ಳುತ್ತೇನೆ. ಇ-ಮೈಗ್ರೇಟ್ ತಾಣ ತೆರೆದು ಏಜೆಂಟನ ಹೆಸರು ನೋಡಿಕೊಡಲಿ, ಪಾಸ್‌ಪೋರ್ಟ್ ಅರ್ಜಿ ತುಂಬಿಸಲಿ, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಕ್ಕೆ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಮಾಡಿಸುವುದನ್ನು ಹೇಳಿಕೊಡಲಿ. ಎಂಜಿನಿಯರಿಂಗ್ ಕಾಲೇಜುಗಳು ಕೊನೆಯ ವರ್ಷದವರಿಗೆ ನೌಕರಿ ಒಪ್ಪಂದ ಓದುವುದನ್ನು ಕಲಿಸಲಿ. ಈಗಾಗಲೇ ಹೊರಗೆ ಹೋಗಿ ಬಂದವರು ಊರಿಗೆ ಬಂದಾಗ ಒಂದು ಸಂಜೆ ಅಲ್ಲಿ ಕೂತು, ಕಿರಿಯರ ಪ್ರಶ್ನೆಗಳಿಗೆ ಉತ್ತರ ಹೇಳಿ ಹೋಗಲಿ.